ಬೀಗ ಊರೂರು ತಿರುಗಲಿ, ಕೀಲಿಕೈ ಮನೆಯಲ್ಲೇ ಇರಲಿ

ಪ್ರಶ್ನೆ: ನಾನು ಒಂದು ಪದವಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಉಬುಂಟು ಲಿನಕ್ಸ್ ಹಾಕಿದ 20 ಕಂಪ್ಯೂಟರುಗಳಿವೆ. ವಿದ್ಯಾರ್ಥಿಗಳ ಪ್ರಾಜೆಕ್ಟ್ ಫೈಲುಗಳು ದಿನಾ ರಾತ್ರಿ ಸ್ಟಾಫ್ ರೂಮಿನಲ್ಲಿರುವ ಬ್ಯಾಕಪ್ ಯಂತ್ರಕ್ಕೆ ತಾನಾಗಿ ಕಾಪಿ ಆಗಬೇಕು. ಪಾಸ್‌ವರ್ಡ್ ಕೇಳಬಾರದು ಅಂತ ಒಂದು ಕಂಪ್ಯೂಟರಿನಲ್ಲಿ ಎಸ್‌ಎಸ್‌ಎಚ್ (ನೆಟ್‌ವರ್ಕಿನ ಮೂಲಕ ಇನ್ನೊಂದು ಯಂತ್ರಕ್ಕೆ ಭದ್ರವಾಗಿ ಲಾಗಿನ್ ಆಗುವ ಪ್ರೋಗ್ರಾಮ್) ಕೀ ಮಾಡಿ, ಅದನ್ನೇ ಪೆನ್‌ಡ್ರೈವಿನಲ್ಲಿ ಒಯ್ದು ಉಳಿದ 19ಕ್ಕೂ ಹಾಕಿದೆ. ಮೊದಲನೆಯದು ಸರಿಯಾಗಿ ಹೋಯಿತು. ಉಳಿದವು ಪಾಸ್‌ವರ್ಡ್ ಕೇಳುತ್ತಲೇ ಇವೆ. ಪರ್ಮಿಷನ್ ತೊಂದರೆ ಇರಬಹುದೆಂದು ಬ್ಯಾಕಪ್ ಯಂತ್ರದ ಹೋಮ್ ಫೋಲ್ಡರಿಗೆ 777 ಕೊಟ್ಟೆ. ಈಗ ಮೊದಲನೆಯದೂ ಕೇಳುತ್ತಿದೆ! ಇದರ ಮಧ್ಯೆ ನಮ್ಮ ಪ್ರಿನ್ಸಿಪಾಲರು, ‘ಪಾಸ್‌ವರ್ಡೇ ಇಲ್ಲದ ಲಾಗಿನ್ ಅಂದರೆ ಬಾಗಿಲು ತೆರೆದಿಟ್ಟ ಹಾಗೆ ಅಲ್ವಾ?’ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಕಂಪ್ಯೂಟರುಗಳು ಕೆಟ್ಟಿಲ್ಲ. 19 ಯಂತ್ರಗಳು ಪಾಸ್‌ವರ್ಡ್ ಕೇಳಿದ್ದಕ್ಕೆ ಒಂದು ಕಾರಣ, ಆಮೇಲೆ ಮೊದಲನೆಯದೂ ಕೇಳಿದ್ದಕ್ಕೆ ಇನ್ನೊಂದು ಕಾರಣ. ಎರಡರಲ್ಲೂ ಎಸ್‌ಎಸ್‌ಎಚ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಅದಕ್ಕೆ ನಿಮ್ಮ ಮೇಲೆ ಅನುಮಾನ ಬಂದಿದೆ, ಅಷ್ಟೇ.

ಈ ವಿಷಯ ತಲೆಗೆ ಹತ್ತದಿರುವುದಕ್ಕೆ ಅರ್ಧ ಕಾರಣ ಇಂಗ್ಲಿಷಿನ ಹೆಸರುಗಳು. ಎಸ್‌ಎಸ್‌ಎಚ್-ಕೀಜೆನ್ ಎನ್ನುವ ಕಮಾಂಡ್ ಕೊಟ್ಟರೆ ಎರಡು ಫೈಲುಗಳು ಹುಟ್ಟುತ್ತವೆ. ಒಂದು ಪ್ರೈವೇಟ್ ಕೀ, ಇನ್ನೊಂದು ಪಬ್ಲಿಕ್ ಕೀ. ಎರಡಕ್ಕೂ ಕೀ ಎಂದೇ ಹೆಸರು. ಹಾಗಾಗಿ ಎರಡನ್ನೂ ಹೊತ್ತುಕೊಂಡು ಹೋಗಬೇಕು ಅನಿಸುತ್ತದೆ. ನಮ್ಮ ಭಾಷೆಯಲ್ಲಿ ಯೋಚಿಸಿದರೆ ಈ ಗೊಂದಲವೇ ಇಲ್ಲ. ನಮ್ಮಲ್ಲಿ ಬೀಗ ಬೇರೆ, ಬೀಗದ ಕೈ ಬೇರೆ. ಧಾರವಾಡದ ಕಡೆಯವರು ಕೀಲಿ, ಕೀಲಿಕೈ ಎನ್ನುತ್ತಾರೆ. ಅಲ್ಲಿ ಕೀಲಿ ಅಂದರೆ ಬೀಗವೇ. ಪಬ್ಲಿಕ್ ಕೀ ಎನ್ನುವುದು ಬೀಗ. ಪ್ರೈವೇಟ್ ಕೀ ಎನ್ನುವುದು ಕೀಲಿಕೈ. ಒಂದೇ ತರಹದ ಬೀಗವನ್ನು ನೂರು ಬಾಗಿಲಿಗೆ ಜಡಿಯಬಹುದು. ದಾರಿಯಲ್ಲಿ ಹೋಗುವವರ ಕೈಗೆ ಆ ಬೀಗ ಸಿಕ್ಕರೂ ನಷ್ಟವಿಲ್ಲ, ಬೀಗ ನೋಡಿ ಕೀಲಿಕೈ ಮಾಡಲು ಬರುವುದಿಲ್ಲ. ಆದರೆ ಕೀಲಿಕೈ ಹುಟ್ಟಿದ ಯಂತ್ರ ಬಿಟ್ಟು ಕದಲಬಾರದು. ನೀವು ಪೆನ್‌ಡ್ರೈವಿನಲ್ಲಿ ಒಯ್ದದ್ದು ಕೀಲಿಕೈಯನ್ನು.

ಕಮಾಂಡುಗಳನ್ನು ಫೋನಿನಲ್ಲಿ ಹೇಳಿದ ಹಾಗೆ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ನೀವು ಇಂಗ್ಲಿಷಿನಲ್ಲೇ ಮಾಡಬೇಕು.

ಈಗ ಆ 19 ಯಂತ್ರಗಳ ಕತೆ. ನಾವು ಬಳಸುವ ಪೆನ್‌ಡ್ರೈವುಗಳು ಹೆಚ್ಚಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿರುತ್ತವೆ. ಯಾವ ಫೈಲನ್ನು ಯಾರು ಓದಬಹುದು, ಯಾರು ಬರೆಯಬಹುದು ಎನ್ನುವ ಲಿನಕ್ಸಿನ ಲೆಕ್ಕಾಚಾರ ಅವಕ್ಕೆ ಗೊತ್ತಿಲ್ಲ. ನಿಮ್ಮ ಕೀಲಿಕೈ ಫೈಲು ಮೊದಲ ಕಂಪ್ಯೂಟರಿನಲ್ಲಿ 600 ಪರ್ಮಿಷನ್ ಇಟ್ಟುಕೊಂಡಿತ್ತು. ಅಂದರೆ ಮಾಲೀಕ ಮಾತ್ರ ಓದಬಹುದು. ಪೆನ್‌ಡ್ರೈವ್ ದಾಟಿ ಬರುವಷ್ಟರಲ್ಲಿ ಅದು ಎಲ್ಲರೂ ಓದಬಹುದಾದ ಫೈಲ್ ಆಗಿಬಿಟ್ಟಿತು. ಎಲ್ಲರಿಗೂ ಕಾಣುವ ಕೀಲಿಕೈಯನ್ನು ಎಸ್‌ಎಸ್‌ಎಚ್ ಮುಟ್ಟುವುದಿಲ್ಲ. ‘ಈ ಫೈಲಿಗೆ ರಕ್ಷಣೆ ಇಲ್ಲ, ಇದನ್ನು ಬಳಸುವುದಿಲ್ಲ’ ಎಂದು ಒಂದು ದೊಡ್ಡ ಎಚ್ಚರಿಕೆ ತೋರಿಸುತ್ತದೆ. ಸುತ್ತಲೂ ಅಟ್ ಚಿಹ್ನೆಗಳ ಗೋಡೆ ಇರುತ್ತದೆ, ನೀವು ನೋಡಿಯೇ ಇರುತ್ತೀರಿ. ಅದಾದ ಮೇಲೆ ಪಾಸ್‌ವರ್ಡ್ ಕೇಳುತ್ತದೆ. ನಮ್ಮ ಕಣ್ಣು ಪಾಸ್‌ವರ್ಡ್ ಸಾಲಿಗೆ ಹೋಗುತ್ತದೆ, ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ.

ಇನ್ನು 777. ಲಿನಕ್ಸಿನಲ್ಲಿ ಏನೇ ತೊಂದರೆ ಬಂದರೂ 777 ಕೊಡಿ ಎಂದು ಹೇಳುವವರು ಊರಿಗೊಬ್ಬರು ಇರುತ್ತಾರೆ. ಜ್ವರಕ್ಕೂ ಕಾಲುನೋವಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ ಅದು. ಇಲ್ಲಂತೂ ಆ ಮಾತ್ರೆಯೇ ಕಾಯಿಲೆ. 777 ಅಂದರೆ ಆ ಯಂತ್ರದಲ್ಲಿ ಖಾತೆ ಇರುವ ಯಾರು ಬೇಕಾದರೂ ನಿಮ್ಮ ಹೋಮ್ ಫೋಲ್ಡರಿನ ಒಳಗೆ ಬರೆಯಬಹುದು. ಬರೆಯಬಹುದು ಎಂದಾದರೆ, ಬೀಗಗಳ ಪಟ್ಟಿ ಇರುವ ನಿಮ್ಮ ಡಾಟ್ ಎಸ್‌ಎಸ್‌ಎಚ್ ಫೋಲ್ಡರನ್ನೇ ಪಕ್ಕಕ್ಕೆ ಸರಿಸಿ, ಅವರದೇ ಬೀಗ ಇರುವ ಇನ್ನೊಂದು ಫೋಲ್ಡರನ್ನು ಅಲ್ಲಿ ಇಡಬಹುದು. ಆಮೇಲೆ ನಿಮ್ಮ ಹೆಸರಿನಲ್ಲಿ ಒಳಗೆ ಬರಬಹುದು. ಸರ್ವರ್ ಕಡೆಯ ಪ್ರೋಗ್ರಾಮಿಗೆ, ಅಂದರೆ ಎಸ್‌ಎಸ್‌ಎಚ್‌ಡಿಗೆ, ಇದು ಗೊತ್ತು. ಸ್ಟ್ರಿಕ್ಟ್‌ಮೋಡ್ಸ್ ಎನ್ನುವ ಸೆಟ್ಟಿಂಗ್ ಮೊದಲಿನಿಂದಲೇ ಆನ್ ಇರುತ್ತದೆ. ಹೋಮ್ ಫೋಲ್ಡರಿಗೆ ಬೇರೆಯವರು ಬರೆಯಬಹುದು ಎಂದು ಕಂಡ ತಕ್ಷಣ ಅದು ಬೀಗಗಳ ಪಟ್ಟಿಯನ್ನೇ ನಂಬುವುದಿಲ್ಲ. ಇದನ್ನು ಲಾಗಿನ್ ಆಗುವವರಿಗೆ ಹೇಳುವುದೂ ಇಲ್ಲ, ತನ್ನ ಲಾಗ್‌ನಲ್ಲಿ ಮಾತ್ರ ಬರೆದಿಡುತ್ತದೆ. ಬ್ಯಾಕಪ್ ಯಂತ್ರದಲ್ಲಿ ಸುಡೋ ಜರ್ನಲ್‌ಸಿಟಿಎಲ್ ಡ್ಯಾಶ್ ಯು ಎಸ್‌ಎಸ್‌ಎಚ್ ಎಂದು ಕೊಟ್ಟು ನೋಡಿ. ಡೈರೆಕ್ಟರಿಯ ಒಡೆತನ ಅಥವಾ ಮೋಡ್ ಸರಿಯಿಲ್ಲ ಎಂಬ ಸಾಲು ಅಲ್ಲಿ ಸಿಕ್ಕೇ ಸಿಗುತ್ತದೆ.

ಸರಿಪಡಿಸುವುದು ಎರಡು ನಿಮಿಷದ ಕೆಲಸ. ಹೋಮ್ ಫೋಲ್ಡರಿಗೆ 750, ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700, ಅದರೊಳಗಿನ ಆಥರೈಸ್ಡ್ ಅಂಡರ್‌ಸ್ಕೋರ್ ಕೀಸ್ ಫೈಲಿಗೆ 600. ಈ ಫೈಲೇ ಬೀಗಗಳ ಪಟ್ಟಿ, ಸಾಲಿಗೊಂದು ಬೀಗ. ಆ 19 ಯಂತ್ರಗಳಲ್ಲಿ ಕೀಲಿಕೈ ಫೈಲಿಗೆ ಮತ್ತೆ 600. ಉಬುಂಟು 21.04ರಿಂದ ಹೊಸ ಖಾತೆಗಳ ಹೋಮ್ ಫೋಲ್ಡರಿಗೆ 750 ತಾನಾಗಿಯೇ ಬರುತ್ತದೆ, ಹಾಗಾಗಿ ನೀವು ಮೊದಲಿದ್ದ ಸ್ಥಿತಿಗೆ ವಾಪಸ್ ತರುತ್ತಿದ್ದೀರಿ ಅಷ್ಟೇ. ಮುಂದೆ ಇಂಥ ತೊಂದರೆ ಬಂದಾಗ ಎಸ್‌ಎಸ್‌ಎಚ್ ಡ್ಯಾಶ್ ವಿ ಎಂದು ಕೊಟ್ಟು ಲಾಗಿನ್ ಆಗಿ. ಯಾವ ಕೀಲಿಕೈ ತೋರಿಸಿತು, ಆ ಕಡೆಯವರು ಒಪ್ಪಿದರಾ ಇಲ್ಲವಾ ಎಂದು ಸಾಲುಸಾಲಾಗಿ ಹೇಳುತ್ತದೆ. ಕೀಲಿಕೈಯನ್ನು ತೋರಿಸಲೇ ಇಲ್ಲ ಎಂದರೆ ತಪ್ಪು ಈ ಕಡೆ ಇದೆ. ತೋರಿಸಿದರೂ ಒಪ್ಪಲಿಲ್ಲ ಎಂದರೆ ಆ ಕಡೆ.

ಆದರೆ ಇಷ್ಟು ಸರಿಪಡಿಸಿ ನಿಲ್ಲಿಸಬೇಡಿ. ಅದು ಕೆಲಸ ಮಾಡುತ್ತದೆ, ಆದರೂ ನನಗೆ ಇಷ್ಟವಾಗುವುದಿಲ್ಲ. ಯಾಕೆಂದರೆ ನಿಮ್ಮ ಬ್ಯಾಕಪ್ ಯಂತ್ರದ ಕೀಲಿಕೈ ಈಗ ವಿದ್ಯಾರ್ಥಿಗಳು ದಿನವಿಡೀ ಕೂರುವ 20 ಕಂಪ್ಯೂಟರುಗಳಲ್ಲಿ ಬಿದ್ದಿದೆ. ಲ್ಯಾಬ್‌ಗಳಲ್ಲಿ ಹೆಚ್ಚಾಗಿ ಎಲ್ಲರೂ ಒಂದೇ ಖಾತೆ ಬಳಸುತ್ತಾರೆ. ನಿಮ್ಮಲ್ಲೂ ಹಾಗೇ ಇದ್ದರೆ, ಯಾವ ಹುಡುಗ ಬೇಕಾದರೂ ಆ ಫೈಲನ್ನು ತನಗೇ ಮೇಲ್ ಮಾಡಿಕೊಳ್ಳಬಹುದು. ಆಮೇಲೆ ಎಲ್ಲ ಬ್ಯಾಚಿನ ಬ್ಯಾಕಪ್ ಅವನ ಕೈಯಲ್ಲಿ. ಪ್ರಿನ್ಸಿಪಾಲರು ಕೇಳಿದ ‘ಬಾಗಿಲು ತೆರೆದಿಟ್ಟ ಹಾಗೆ’ ಎನ್ನುವ ಮಾತು ಈ ಒಂದು ಜೋಡಣೆಯ ಮಟ್ಟಿಗೆ ನಿಜವೇ.

ದಿಕ್ಕು ತಿರುಗಿಸಿ. ಲ್ಯಾಬ್ ಯಂತ್ರಗಳು ಬ್ಯಾಕಪ್ ಯಂತ್ರಕ್ಕೆ ಕಳಿಸುವುದು ಬೇಡ. ಬ್ಯಾಕಪ್ ಯಂತ್ರವೇ ಒಂದೊಂದು ಕಂಪ್ಯೂಟರಿಗೆ ಹೋಗಿ ಎತ್ತಿಕೊಂಡು ಬರಲಿ. ಹಾಲಿನ ಡೈರಿಯ ಗಾಡಿ ಊರೂರಿಗೆ ಬಂದು ಕ್ಯಾನು ಒಯ್ಯುತ್ತದಲ್ಲ, ಹಾಗೆ. ಆಗ ಕೀಲಿಕೈ ಒಂದೇ. ಅದು ಬೀಗ ಹಾಕುವ ಸ್ಟಾಫ್ ರೂಮಿನಲ್ಲಿ ಇರುತ್ತದೆ. 20 ಲ್ಯಾಬ್ ಯಂತ್ರಗಳಲ್ಲಿ ಇರುವುದು ಬೀಗ ಮಾತ್ರ. ಹುಡುಗರು ಅದನ್ನು ಕಾಪಿ ಮಾಡಿಕೊಂಡು ಹೋದರೆ ಹೋಗಲಿ ಬಿಡಿ.

ಮೊದಲು ಹಳೆಯದನ್ನು ಕೊಲ್ಲಿ. ಬ್ಯಾಕಪ್ ಯಂತ್ರದ ಆಥರೈಸ್ಡ್ ಕೀಸ್ ಫೈಲಿನಲ್ಲಿ ಆ ಹಳೆಯ ಬೀಗದ ಸಾಲನ್ನು ಅಳಿಸಿ. ಬೀಗವೇ ತೆಗೆದ ಮೇಲೆ ಕೀಲಿಕೈ ಯಾರ ಹತ್ತಿರ ಇದ್ದರೂ ಅದು ಬರೀ ಕಬ್ಬಿಣ. ಆಮೇಲೆ ನಿಧಾನವಾಗಿ 20 ಕಡೆಯೂ, ಪೆನ್‌ಡ್ರೈವಿನಲ್ಲೂ ಅದನ್ನು ಅಳಿಸಿದರೆ ಸಾಕು.

ಇನ್ನು ಹೊಸದು. ಬ್ಯಾಕಪ್ ಯಂತ್ರದಲ್ಲಿ ಕುಳಿತು ಎಸ್‌ಎಸ್‌ಎಚ್-ಕೀಜೆನ್ ಡ್ಯಾಶ್ ಟಿ ಇಡಿ25519 ಎಂದು ಕೊಡಿ. ಇಡಿ25519 ಎನ್ನುವುದು ಕೀಲಿಕೈಯ ಒಂದು ಬಗೆ. ಹಳೆಯ ನೋಟ್ಸ್‌ಗಳಲ್ಲಿ ಡಿಎಸ್‌ಎ ಎಂದು ಬರೆದಿದ್ದರೆ ಅದನ್ನು ಅಲ್ಲೇ ಬಿಡಿ. ಓಪನ್‌ಎಸ್‌ಎಸ್‌ಎಚ್ 2015ರಲ್ಲೇ ಅದನ್ನು ಬದಿಗೆ ಸರಿಸಿತು. ಆರ್‌ಎಸ್‌ಎ ಇನ್ನೂ ನಡೆಯುತ್ತದೆ. ಆದರೆ ಇಡಿ25519 ಚಿಕ್ಕದು, ಚುರುಕು, ಬೀಗದ ಸಾಲೂ ಪುಟ್ಟದು. 2014ರಿಂದ ಓಪನ್‌ಎಸ್‌ಎಸ್‌ಎಚ್‌ನಲ್ಲಿದೆ, 2023ರಲ್ಲಿ ಬಂದ 9.5ನೇ ಆವೃತ್ತಿಯಿಂದ ಕೀಜೆನ್ ಕೇಳದೆಯೇ ಇದನ್ನೇ ಮಾಡಿಕೊಡುತ್ತದೆ.

ಕೀಜೆನ್ ನಿಮ್ಮನ್ನು ಪಾಸ್‌ಫ್ರೇಸ್ ಕೇಳುತ್ತದೆ. ಇದು ಕೀಲಿಕೈಯನ್ನು ಇಡುವ ಪೆಟ್ಟಿಗೆಗೆ ಇನ್ನೊಂದು ಬೀಗ. ನಿಮ್ಮ ಸ್ವಂತ ಲ್ಯಾಪ್‌ಟಾಪಿನ ಕೀಲಿಕೈಗೆ ಇದನ್ನು ಹಾಕಲೇಬೇಕು. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋದರೂ ಸಿಕ್ಕವರಿಗೆ ಕೀಲಿಕೈ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಸಲಸಲಕ್ಕೂ ಟೈಪ್ ಮಾಡಬೇಕಲ್ಲ ಎಂದು ಬೇಸರ ಬೇಡ, ಎಸ್‌ಎಸ್‌ಎಚ್-ಏಜೆಂಟ್ ಒಮ್ಮೆ ಕೇಳಿ ನೆನಪಿಟ್ಟುಕೊಳ್ಳುತ್ತದೆ. ಆದರೆ ರಾತ್ರಿ ಹೊತ್ತು ಕ್ರಾನ್ (ಹೇಳಿದ ಸಮಯಕ್ಕೆ ತಾನಾಗಿ ಕೆಲಸ ಶುರುಮಾಡುವ ಪ್ರೋಗ್ರಾಮ್) ನಡೆಸುವ ಕೆಲಸಕ್ಕೆ ಪಾಸ್‌ಫ್ರೇಸ್ ಟೈಪ್ ಮಾಡುವವರು ಯಾರು? ಅಲ್ಲಿ ಖಾಲಿ ಬಿಡಬೇಕಾಗುತ್ತದೆ. ಅದಕ್ಕೇ ಈ ಕೆಲಸಕ್ಕೆ ಬೇರೆಯದೇ ಕೀಲಿಕೈ ಮಾಡಿ. ಅದು ಏನು ಮಾಡಬಹುದು ಎನ್ನುವುದನ್ನು ಬೀಗದ ಕಡೆಯಿಂದ ಕಟ್ಟಿಹಾಕಿ.

ಕಟ್ಟಿಹಾಕುವುದು ಹೀಗೆ. ಬೀಗದ ಸಾಲು ಎಸ್‌ಎಸ್‌ಎಚ್-ಇಡಿ25519 ಎಂದು ಶುರುವಾಗುತ್ತದೆ. ಅದಕ್ಕಿಂತ ಮೊದಲು, ಅದೇ ಸಾಲಿನಲ್ಲಿ, ಷರತ್ತುಗಳನ್ನು ಕಾಮಾ ಹಾಕಿ ಬರೆಯಬಹುದು. ಫ್ರಮ್ ಎಂದು ಬರೆದು ಬ್ಯಾಕಪ್ ಯಂತ್ರದ ಐಪಿ ವಿಳಾಸ ಕೊಟ್ಟರೆ ಬೇರೆ ಕಡೆಯಿಂದ ಬಂದ ಕೀಲಿಕೈಗೆ ಬಾಗಿಲು ತೆರೆಯುವುದಿಲ್ಲ. ಅದಕ್ಕೆ ಬ್ಯಾಕಪ್ ಯಂತ್ರದ ಐಪಿ ಬದಲಾಗದಂತೆ ಇಟ್ಟಿರಬೇಕು. ರಿಸ್ಟ್ರಿಕ್ಟ್ ಎಂದು ಬರೆದರೆ ಟರ್ಮಿನಲ್, ಫಾರ್ವರ್ಡಿಂಗ್ ಎಲ್ಲ ಬಂದ್. ಕಮಾಂಡ್ ಎಂದು ಬರೆದು ಆರ್‌ಆರ್‌ಸಿಂಕ್ ಡ್ಯಾಶ್ ಆರ್‌ಓ ಮತ್ತು ಪ್ರಾಜೆಕ್ಟ್ ಫೋಲ್ಡರಿನ ದಾರಿ ಕೊಟ್ಟರೆ, ಈ ಕೀಲಿಕೈಯಿಂದ ಆ ಒಂದು ಫೋಲ್ಡರನ್ನು ಓದಬಹುದು, ಇನ್ನೇನೂ ಆಗದು. ಆರ್‌ಆರ್‌ಸಿಂಕ್ ಎನ್ನುವುದು, ಫೈಲುಗಳನ್ನು ಕಾಪಿ ಮಾಡುವ ಆರ್‌ಸಿಂಕ್ ಪ್ರೋಗ್ರಾಮಿನ ಜೊತೆಗೇ ಬರುವ ಚಿಕ್ಕ ಕಾವಲುಗಾರ. ಅದು ನಿಮ್ಮ ಯಂತ್ರದಲ್ಲಿ ಎಲ್ಲಿದೆ ಎಂದು ಮೊದಲು ನೋಡಿಕೊಂಡು ಪೂರ್ತಿ ದಾರಿ ಬರೆಯಿರಿ. ಒಂದು ಕಡೆ ಎಡವುತ್ತೀರಿ, ಈಗಲೇ ಹೇಳುತ್ತೇನೆ. ಈ ಕಾವಲು ಇದ್ದಾಗ ಆರ್‌ಸಿಂಕ್ ಕಮಾಂಡಿನಲ್ಲಿ ಫೋಲ್ಡರಿನ ಪೂರ್ತಿ ದಾರಿ ಕೊಡಬಾರದು. ಆ ಫೋಲ್ಡರೇ ಬೇರು ಎಂದು ಅದು ತಿಳಿಯುತ್ತದೆ. ಯಂತ್ರದ ಹೆಸರು, ಕೋಲನ್, ಒಂದು ಸ್ಲ್ಯಾಶ್, ಅಷ್ಟು ಸಾಕು.

ಬೀಗವನ್ನು 20 ಕಡೆ ಹಾಕುವುದು ಹೇಗೆ? ಸಾಮಾನ್ಯವಾಗಿ ಎಸ್‌ಎಸ್‌ಎಚ್-ಕಾಪಿ-ಐಡಿ ಎನ್ನುವ ಕಮಾಂಡ್ ಸಾಕು. ಒಂದು ಸಲ ಪಾಸ್‌ವರ್ಡ್ ಕೇಳಿ ಬೀಗವನ್ನು ಸರಿಯಾದ ಜಾಗದಲ್ಲಿ, ಸರಿಯಾದ ಪರ್ಮಿಷನ್ನಿನೊಂದಿಗೆ ಇಟ್ಟು ಬರುತ್ತದೆ. ಎರಡು ಮೂರು ಯಂತ್ರ ಇರುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ನಿಮ್ಮದು ಎಲ್ಲರೂ ಬಳಸುವ ಖಾತೆ ಎಂದೇ ಇಟ್ಟುಕೊಳ್ಳೋಣ. ಹೋಮ್ ಫೋಲ್ಡರಿನಲ್ಲಿ ಇಟ್ಟ ಬೀಗವನ್ನು ಯಾರೋ ಒಬ್ಬರು ಸುಮ್ನೆ ಅಳಿಸಬಹುದು, ತಮ್ಮದೊಂದು ಸಾಲು ಸೇರಿಸಬಹುದು, ಇಲ್ಲವೇ ನಿಮ್ಮ ಹಾಗೆಯೇ 777 ಕೊಡಬಹುದು! ಹಾಗಾಗಿ ಬೀಗವನ್ನು ಅವರ ಕೈಗೆ ಎಟುಕದ ಜಾಗದಲ್ಲಿಡಿ. ಇಟಿಸಿ ಫೋಲ್ಡರಿನೊಳಗೆ ಎಸ್‌ಎಸ್‌ಎಚ್, ಅದರೊಳಗೆ ಕೀಸ್ ಎಂಬ ಹೊಸ ಫೋಲ್ಡರ್ ಮಾಡಿ. ಅದರಲ್ಲಿ ಖಾತೆಯ ಹೆಸರಿನದೇ ಒಂದು ಫೈಲ್. ಒಡೆಯ ರೂಟ್, ಅಂದರೆ ಯಂತ್ರದ ಪೂರ್ತಿ ಅಧಿಕಾರ ಇರುವ ಖಾತೆ. ಪರ್ಮಿಷನ್ 644, ಅಂದರೆ ಎಲ್ಲರೂ ಓದಬಹುದು, ಒಡೆಯ ಮಾತ್ರ ಬರೆಯಬಹುದು. ಎಸ್‌ಎಸ್‌ಎಚ್‌ಡಿ ಸೆಟ್ಟಿಂಗಿನಲ್ಲಿ ಆಥರೈಸ್ಡ್‌ಕೀಸ್‌ಫೈಲ್ ಎನ್ನುವ ಸಾಲಿಗೆ ಈ ಫೋಲ್ಡರಿನ ದಾರಿ ಬರೆದು, ಕೊನೆಯಲ್ಲಿ ಪರ್ಸೆಂಟ್ ಚಿಹ್ನೆ ಮತ್ತು ಸಣ್ಣ ಯು ಹಾಕಿ. ಆ ಯು ಜಾಗಕ್ಕೆ ಖಾತೆಯ ಹೆಸರು ತಾನಾಗಿ ಬರುತ್ತದೆ. ಈ ಕೆಲಸಕ್ಕೆ ನಿಮ್ಮ ಪೆನ್‌ಡ್ರೈವ್ ಮತ್ತೆ ಹೊರತೆಗೆಯಿರಿ. ಈ ಸಲ ಅದರಲ್ಲಿ ಹೋಗುವುದು ಡಾಟ್ ಪಬ್ ಎಂದು ಕೊನೆಯಾಗುವ ಫೈಲ್, ಅಂದರೆ ಬೀಗ. ಅದು ಎಷ್ಟು ಊರು ತಿರುಗಿದರೂ ಅಡ್ಡಿಯಿಲ್ಲ.

ಉಬುಂಟು ಡೆಸ್ಕ್‌ಟಾಪಿನಲ್ಲಿ ಹೊರಗಿನಿಂದ ಬರುವವರಿಗೆ ಬಾಗಿಲು ತೆರೆಯುವ ಓಪನ್‌ಎಸ್‌ಎಸ್‌ಎಚ್-ಸರ್ವರ್ ಎನ್ನುವ ಪ್ಯಾಕೇಜ್ ಮೊದಲಿಗೆ ಇರುವುದಿಲ್ಲ. ಆ 20ರಲ್ಲೂ ಅದನ್ನು ಹಾಕಬೇಕು.

ಲ್ಯಾಬ್‌ಗಳಲ್ಲಿ ಮಾತ್ರ ಕಾಣುವ ಇನ್ನೊಂದು ತಾಪತ್ರಯ ಇದೆ. ಒಂದು ಕಂಪ್ಯೂಟರ್ ಸಿದ್ಧಮಾಡಿ ಅದರ ಡಿಸ್ಕನ್ನೇ ಉಳಿದವಕ್ಕೆ ಕ್ಲೋನ್ ಮಾಡುವುದು ವಾಡಿಕೆ ಅಲ್ವಾ? ಪ್ರತಿ ಸರ್ವರಿಗೂ ತನ್ನದೇ ಗುರುತಿನ ಕೀ ಇರುತ್ತದೆ, ಆಧಾರ್ ಕಾರ್ಡ್ ಇದ್ದ ಹಾಗೆ. ಕ್ಲೋನ್ ಮಾಡಿದರೆ 20 ಯಂತ್ರಕ್ಕೂ ಒಂದೇ ಗುರುತು. ಯಾವುದು ಯಾವುದು ಎಂದು ಬ್ಯಾಕಪ್ ಯಂತ್ರಕ್ಕೆ ತಿಳಿಯದು. ಒಂದು ಯಂತ್ರದಲ್ಲಿ ರೂಟ್ ಆದವನು ಉಳಿದ 19ರ ವೇಷವನ್ನೂ ಹಾಕಬಹುದು. ಹಾಗೆ ಕ್ಲೋನ್ ಮಾಡಿದ್ದರೆ ಪ್ರತಿ ಯಂತ್ರದಲ್ಲೂ ಇಟಿಸಿಯ ಎಸ್‌ಎಸ್‌ಎಚ್ ಫೋಲ್ಡರಿನಲ್ಲಿ ಎಸ್‌ಎಸ್‌ಎಚ್ ಅಂಡರ್‌ಸ್ಕೋರ್ ಹೋಸ್ಟ್ ಎಂದು ಶುರುವಾಗುವ ಫೈಲುಗಳನ್ನು ಅಳಿಸಿ, ಸುಡೋ ಎಸ್‌ಎಸ್‌ಎಚ್-ಕೀಜೆನ್ ಡ್ಯಾಶ್ ದೊಡ್ಡ ಎ ಎಂದು ಕೊಡಿ. ಹೊಸ ಗುರುತು ಹುಟ್ಟುತ್ತದೆ. ಅದಾದ ಮೇಲೆ ಬ್ಯಾಕಪ್ ಯಂತ್ರದಿಂದ ಪ್ರತಿಯೊಂದಕ್ಕೂ ಒಮ್ಮೆ ಕೈಯಾರೆ ಲಾಗಿನ್ ಪ್ರಯತ್ನಿಸಿ. ಮೊದಲ ಸಲ ಬೆರಳಚ್ಚು ತೋರಿಸಿ, ಇವನನ್ನು ನಂಬಲೇ ಎಂದು ಕೇಳುತ್ತದೆ. ರಾತ್ರಿ ಕ್ರಾನ್‌ಗೆ ಯೆಸ್ ಎನ್ನಲು ಬರುವುದಿಲ್ಲ, ಆದ್ದರಿಂದ ಹಗಲೇ ನೀವು ಹೇಳಿರಬೇಕು. ಮುಂದೆ ಎಂದಾದರೂ ಗುರುತು ಬದಲಾಗಿದೆ ಎಂದು ಕೂಗಿದರೆ, ಆ ಯಂತ್ರಕ್ಕೆ ಹೊಸದಾಗಿ ಓಎಸ್ ಹಾಕಿದಿರಾ ಎಂದು ಮೊದಲು ಯೋಚಿಸಿ. ಹಾಕಿದ್ದರೆ ಕೀಜೆನ್ ಡ್ಯಾಶ್ ದೊಡ್ಡ ಆರ್ ಮತ್ತು ಯಂತ್ರದ ಹೆಸರು ಕೊಟ್ಟು ಹಳೆಯ ಗುರುತು ಅಳಿಸಿ. ಹಾಕಿಲ್ಲದಿದ್ದರೆ ಅದನ್ನು ಅಳಿಸಬೇಡಿ, ಎದ್ದು ಹೋಗಿ ಆ ಯಂತ್ರವನ್ನೇ ನೋಡಿ.

ಇನ್ನು ರಾತ್ರಿಯ ಮಾತು. ಲ್ಯಾಬ್ ಯಂತ್ರಗಳು ರಾತ್ರಿ ಆನ್ ಇರುತ್ತವಾ? ನಾನು ಕಂಡ ಎಷ್ಟೋ ಲ್ಯಾಬ್‌ಗಳಲ್ಲಿ ಅಟೆಂಡರ್ ಸಂಜೆ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ ಹೋಗುತ್ತಾರೆ. ಕೊನೆಯ ಪ್ರಾಕ್ಟಿಕಲ್ ಮುಗಿದ ಮೇಲೆ, ಸ್ವಿಚ್ ಆಫ್ ಆಗುವ ಮೊದಲಿನ ಅರ್ಧ ಗಂಟೆಗೆ ಕ್ರಾನ್ ಇಡಿ. ಎಸ್‌ಎಸ್‌ಎಚ್‌ಗೆ ಬ್ಯಾಚ್‌ಮೋಡ್ ಯೆಸ್ ಎನ್ನುವ ಆಯ್ಕೆ ಕೊಡಿ. ಕೀಲಿಕೈ ನಡೆಯದಿದ್ದರೆ ಪಾಸ್‌ವರ್ಡ್ ಕೇಳುತ್ತಾ ಕೂರದೆ ತಪ್ಪು ಹೇಳಿ ಮುಂದಿನ ಯಂತ್ರಕ್ಕೆ ಹೋಗುತ್ತದೆ. ಆರ್‌ಸಿಂಕ್‌ಗೆ ಡಿಲೀಟ್ ಆಯ್ಕೆ ಕೊಡಬೇಡಿ. ಕೊಟ್ಟರೆ ಯಾರೋ ಅಳಿಸಿದ ಪ್ರಾಜೆಕ್ಟು ಬ್ಯಾಕಪ್‌ನಿಂದಲೂ ಅಳಿಸಿಹೋಗುತ್ತದೆ.

ಈಗ ಪ್ರಿನ್ಸಿಪಾಲರಿಗೆ ಉತ್ತರ. ಎಸ್‌ಎಸ್‌ಎಚ್ ಹುಟ್ಟಿದ್ದೇ ಒಂದು ಪಾಸ್‌ವರ್ಡ್ ಕಳ್ಳತನದಿಂದ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೇಳಿ ಪಾಸ್‌ವರ್ಡುಗಳನ್ನು ಹಿಡಿದರು. ಆಗಿನ ಲಾಗಿನ್ ಪ್ರೋಗ್ರಾಮುಗಳಾದ ಟೆಲ್‌ನೆಟ್, ಆರ್‌ಲಾಗಿನ್‌ಗಳಲ್ಲಿ ಪಾಸ್‌ವರ್ಡ್ ಬರಿಮೈಯಲ್ಲೇ ತಂತಿಯ ಮೇಲೆ ಓಡುತ್ತಿತ್ತು. ಅಲ್ಲಿನ ಸಂಶೋಧಕ ತಾತು ಯುಲೊನೆನ್ ಅದೇ ವರ್ಷ ಎಸ್‌ಎಸ್‌ಎಚ್ ಬರೆದರು. ಈಗ ಪಾಸ್‌ವರ್ಡ್ ಕೊಟ್ಟರೂ ಅದು ಗೂಢಲಿಪಿಯೊಳಗೇ ಹೋಗುತ್ತದೆ, ನಿಜ. ಆದರೆ ಆ ಕಡೆಯ ಯಂತ್ರದ ಕೈಗೆ ಪೂರ್ತಿ ಸೇರುತ್ತದೆ. ಆ ಯಂತ್ರವೇ ಮೋಸದ್ದಾದರೆ ಪಾಸ್‌ವರ್ಡ್ ಹೋಯಿತು. ಕೀಲಿಕೈ ಹಾಗಲ್ಲ, ಅದು ಯಂತ್ರ ಬಿಟ್ಟು ಆಚೆ ಹೋಗುವುದೇ ಇಲ್ಲ. ಆ ಹೊತ್ತಿನ ಸಂಪರ್ಕಕ್ಕೆ ಮಾತ್ರ ಸಲ್ಲುವ ಒಂದು ಸಹಿ ಮಾಡಿ ಕಳಿಸುತ್ತದೆ. ಆ ಕಡೆಯವರು ಬೀಗಕ್ಕೆ ಹಿಡಿದು ಸಹಿ ಸರಿಯಾ ಎಂದು ನೋಡುತ್ತಾರೆ. ಆ ಸಹಿಯನ್ನು ಯಾರಾದರೂ ಇಟ್ಟುಕೊಂಡರೂ ಮುಂದಿನ ಸಲಕ್ಕೆ ಅದು ನಡೆಯದು.

ಅವರಿಗೆ ಇನ್ನೂ ನಾಟುವಂತೆ ಹೇಳಬೇಕೆಂದರೆ ಇದನ್ನು ಹೇಳಿ. ಲ್ಯಾಬ್ ಖಾತೆಯ ಪಾಸ್‌ವರ್ಡ್ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. 20ರಲ್ಲೂ ಎಸ್‌ಎಸ್‌ಎಚ್ ಸರ್ವರ್ ಹಾಕಿ ಪಾಸ್‌ವರ್ಡ್ ಲಾಗಿನ್ ಹಾಗೇ ಬಿಟ್ಟರೆ, ಮೂರನೇ ಯಂತ್ರದಲ್ಲಿ ಕೂತವನು ಏಳನೆಯದಕ್ಕೆ ನುಗ್ಗಿ ಗೆಳೆಯನ ಪ್ರಾಜೆಕ್ಟನ್ನು ಅಳಿಸಬಹುದು. ಕೀಲಿಕೈ ಪದ್ಧತಿ ಬಂದ ಮೇಲೆ ನೆಟ್‌ವರ್ಕಿನಿಂದ ಪಾಸ್‌ವರ್ಡ್ ಲಾಗಿನ್ ಪೂರ್ತಿ ನಿಲ್ಲಿಸಬಹುದು. ಯಂತ್ರದ ಮುಂದೆ ಕೂತು ಲಾಗಿನ್ ಆಗುವವರಿಗೆ ಅದರಿಂದ ಏನೂ ಆಗುವುದಿಲ್ಲ. ಅಂದರೆ ಪಾಸ್‌ವರ್ಡ್ ತೆಗೆದ ಮೇಲೆ ಬಾಗಿಲು ಜಾಸ್ತಿ ಭದ್ರವಾಗುತ್ತದೆ.

ನಿಲ್ಲಿಸಲು ಪಾಸ್‌ವರ್ಡ್‌ಆಥೆಂಟಿಕೇಶನ್ ನೋ ಎಂಬ ಸಾಲು ಬೇಕು. ಮುಖ್ಯ ಫೈಲಿಗೆ ಕೈ ಹಾಕದೆ, ಎಸ್‌ಎಸ್‌ಎಚ್‌ಡಿ ಅಂಡರ್‌ಸ್ಕೋರ್ ಕಾನ್ಫಿಗ್ ಡಾಟ್ ಡಿ ಫೋಲ್ಡರಿನಲ್ಲಿ 10ರಿಂದ ಶುರುವಾಗುವ, ಡಾಟ್ ಕಾನ್ಫ್ ಎಂದು ಕೊನೆಯಾಗುವ ಹೆಸರಿನ ಹೊಸ ಫೈಲ್ ಮಾಡಿ ಅದರಲ್ಲಿ ಬರೆಯಿರಿ. ಇಲ್ಲಿ ಮೊದಲು ಓದಿದ ಸಾಲಿಗೇ ಬೆಲೆ, ಆಮೇಲೆ ಬಂದದ್ದಕ್ಕೆ ಇಲ್ಲ. ಕೆಲವು ಯಂತ್ರಗಳಲ್ಲಿ 50ರಿಂದ ಶುರುವಾಗುವ ಫೈಲೊಂದು ಆಗಲೇ ಯೆಸ್ ಎಂದು ಹೇಳಿರುತ್ತದೆ. ನಿಮ್ಮ 10 ಅದಕ್ಕಿಂತ ಮೊದಲು ಬರುತ್ತದೆ. ಬರೆದ ಮೇಲೆ ಸುಡೋ ಎಸ್‌ಎಸ್‌ಎಚ್‌ಡಿ ಡ್ಯಾಶ್ ಸಣ್ಣ ಟಿ ಕೊಟ್ಟರೆ ತಪ್ಪಿದ್ದರೆ ಹೇಳುತ್ತದೆ, ದೊಡ್ಡ ಟಿ ಕೊಟ್ಟರೆ ಕೊನೆಗೆ ಯಾವ ಸೆಟ್ಟಿಂಗ್ ನಿಂತಿದೆ ಎಂದು ತೋರಿಸುತ್ತದೆ. ಎರಡೂ ನೋಡಿಯೇ ರೀಸ್ಟಾರ್ಟ್ ಮಾಡಿ.

ರೀಸ್ಟಾರ್ಟ್ ಮಾಡುವಾಗ ಈಗಿರುವ ಕಿಟಕಿಯನ್ನು ಮುಚ್ಚಬೇಡಿ. ಇನ್ನೊಂದು ಕಿಟಕಿ ತೆರೆದು ಕೀಲಿಕೈಯಿಂದ ಒಳಗೆ ಹೋಗಲು ಬರುತ್ತದೆ ಎಂದು ಖಾತ್ರಿಯಾದ ಮೇಲೆ ಮುಚ್ಚಿ. ನಾನು ಒಮ್ಮೆ ದೂರದ ಊರಿನ ಒಬ್ಬರ ಸರ್ವರಿನಲ್ಲಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ಜಂಬದಿಂದ ಕಿಟಕಿ ಮುಚ್ಚಿ ಊಟಕ್ಕೆ ಎದ್ದೆ. ನನ್ನ ಬೀಗವನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದೆ ಎಂದು ಗೊತ್ತಾದದ್ದು ಕೈ ತೊಳೆದು ಬಂದ ಮೇಲೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಹೋಗಿ, ಅದರ ಕೀಬೋರ್ಡಿನ ಮುಂದೆ ಕೂತು ಒಂದು ಸಾಲು ತಿದ್ದಿ ವಾಪಸ್ ಬಂದೆ. ನಿಮ್ಮ ಯಂತ್ರಗಳೆಲ್ಲ ಪಕ್ಕದ ಕೋಣೆಯಲ್ಲೇ ಇವೆ. ಹಾಗಾದರೂ ನೀವು ನಡೆಯಬೇಕಾದ್ದು ಹತ್ತು ಹೆಜ್ಜೆ.